ಸಾವಿರದ ಇನ್ನೂರು ಕಪ್‌ಕೇಕ್, ಬಳ್ಳಾರಿ ಬಿಸಿಲು, ಒಂದು ಓಟಿಜಿ

ಬಳ್ಳಾರಿಯಲ್ಲಿ ಮನೆಯಿಂದಲೇ ವ್ಯಾಪಾರ ಮಾಡುವ ಕೆಲವರ ಲೆಕ್ಕಪತ್ರ ನಾನು ನೋಡಿಕೊಡುತ್ತೇನೆ. ಅವರಲ್ಲಿ ಒಬ್ಬರು ಕೇಕ್ ಮಾಡುವವರು. ಓಣಿಯವರೆಲ್ಲ ಅವರನ್ನು ಅಕ್ಕ ಅನ್ನುತ್ತಾರೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಒಂದು ಏಪ್ರಿಲ್ ಕೊನೆಯಲ್ಲಿ ಅವರು ತೆಗೆದುಕೊಂಡ ಒಂದು ಆರ್ಡರಿನ ಕತೆ ಇದು. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಹಿಡಿಯುವಂಥ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಮನೆಯಲ್ಲೇ ಬೇಕ್ ಮಾಡಿ ಮಾರುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಹೇಗಿತ್ತು

ಅಕ್ಕನ ಬಳಿ 60 ಲೀಟರಿನ ಒಂದು ಓಟಿಜಿ (ಮನೆಯಲ್ಲಿಡುವ ಕರೆಂಟಿನ ಒಲೆ), ಒಂದು ಹ್ಯಾಂಡ್ ಮಿಕ್ಸರ್, 12 ಗುಳಿಯ ಎರಡು ಮಫಿನ್ ಟ್ರೇ. ಆಹಾರ ಸುರಕ್ಷತೆಯ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿದ್ದರು, 14 ಅಂಕಿಯ ಆ ನಂಬರನ್ನು ಬಾಕ್ಸಿನ ಸ್ಟಿಕ್ಕರ್ ಮೇಲೂ ಹಾಕಿಸಿದ್ದರು. ವಾರಕ್ಕೆ ಮೂರೋ ನಾಲ್ಕೋ ಹುಟ್ಟುಹಬ್ಬದ ಕೇಕ್, ನಡುನಡುವೆ ಆರು ಕಪ್‌ಕೇಕಿನ ಬಾಕ್ಸ್. ಬಾಕ್ಸಿಗೆ 300 ರೂಪಾಯಿ. ಎಲ್ಲವೂ ಎಗ್‌ಲೆಸ್. ಅದಕ್ಕಾಗಿಯೇ ಅವರನ್ನು ಹುಡುಕಿಕೊಂಡು ಬರುವ ಮನೆಗಳು ಬಹಳ.

ಆರ್ಡರ್ ತಂದದ್ದು ಒಬ್ಬ ಡೆಕೋರೇಶನ್‌ನವರು. ಹೊಸಪೇಟೆ ರಸ್ತೆಯ ಕಡೆ ಒಂದು ಫಂಕ್ಷನ್ ಹಾಲ್, ಮಗುವಿನ ಮೊದಲ ಹುಟ್ಟುಹಬ್ಬ, 1,200 ಜನ. ಬಂದವರಿಗೆಲ್ಲ ತಲಾ ಒಂದು ಕಪ್‌ಕೇಕ್, ಮೇಲೆ ಗುಲಾಬಿ ಬಣ್ಣದ ಬಟರ್‌ಕ್ರೀಮ್ (ಬೆಣ್ಣೆ, ಸಕ್ಕರೆ ಕಡೆದ ಕ್ರೀಮ್) ಹೂವು. ಇಂಟರ್ನೆಟ್ಟಿನಿಂದ ತೆಗೆದ ಫೋಟೋ ಕಳಿಸಿದ್ದರು. ಹಿಂದೆ ಮಂಜು ಬಿದ್ದ ಕಿಟಕಿ ಕಾಣುತ್ತಿದ್ದ ಫೋಟೋ ಅದು. ಕೈಯಲ್ಲಿ 16 ದಿನ ಇತ್ತು.

ಅಕ್ಕ ಫೋನಿನಲ್ಲಿಯೇ ಒಂದಕ್ಕೆ 35 ರೂಪಾಯಿ ಅಂದರು. ಆ ಕಡೆಯವರು 30 ಅಂದರು. 32ಕ್ಕೆ ಮುಗಿಯಿತು. ಮುಂಗಡ 5,000. ಮೈದಾ, ಸಕ್ಕರೆ, ಬೆಣ್ಣೆ, ಪೇಪರ್ ಕಪ್ ಎಲ್ಲ ಸೇರಿ ಒಂದಕ್ಕೆ 13 ರೂಪಾಯಿ ಬೀಳುತ್ತದೆ, ಉಳಿದ 19 ನನ್ನದು, 1,200ಕ್ಕೆ 22,800 ಅಂತ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟರು. ಅದೇ ಸಂಜೆ ಆನ್‌ಲೈನಿನಲ್ಲಿ 12 ಗುಳಿಯ 100 ಬಾಕ್ಸ್ ಕೂಡ ತರಿಸಲು ಹಾಕಿಬಿಟ್ಟರು, 1,400 ರೂಪಾಯಿಗೆ. ಬಾಕ್ಸ್ ಬೇಕಾ ಅಂತ ಯಾರನ್ನೂ ಕೇಳಲಿಲ್ಲ.

ನಾನು ಆಗ ಊರಲ್ಲಿ ಇರಲಿಲ್ಲ. ಇದ್ದಿದ್ದರೂ ಬೇಡ ಅನ್ನುತ್ತಿದ್ದೆನೋ ಇಲ್ಲವೋ. 38,400 ರೂಪಾಯಿಯ ಆರ್ಡರ್ ಅವರಿಗೆ ಅದುವರೆಗೆ ಬಂದೇ ಇರಲಿಲ್ಲ.

ಕಾದ ಹಿಟ್ಟು

ನಾಲ್ಕು ದಿನ ಬಿಟ್ಟು ಅಕ್ಕ ಒಂದು ಟ್ರಯಲ್ ಮಾಡಿದರು. ಅದನ್ನಾದರೂ ಮಾಡಿದರಲ್ಲ ಅಂತ ಈಗಲೂ ಅನಿಸುತ್ತದೆ. ತಮ್ಮ 12ರ ಅಳತೆಯನ್ನು ಎಂಟರಿಂದ ಗುಣಿಸಿ, 96ಕ್ಕೆ ಬೇಕಾದ ಹಿಟ್ಟನ್ನು ಒಂದೇ ಟಬ್ಬಿನಲ್ಲಿ ಕಲಸಿದರು. ಮೊದಲ 24 ಚೆನ್ನಾಗಿ ಉಬ್ಬಿದವು. ಎರಡನೆಯ ಸಲದವೂ ಪರವಾಗಿಲ್ಲ. ಮೂರನೆಯ ಸಲ ತಲೆ ಚಪ್ಪಟೆ. ನಾಲ್ಕನೆಯ ಸಲ ಬಂದವನ್ನು ಮುರಿದರೆ ಒಳಗೆ ಅಂಟು, ತೂಕ ಬೇರೆ.

ಅಕ್ಕನ ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. "ಅಲ್ಲವ್ವ, ದೋಸೆ ಹಿಟ್ಟು ಕಾದಷ್ಟೂ ಉಬ್ತೈತಿ, ಇದ್ಯಾಕ ಕಾದಷ್ಟೂ ಕುಂತು ಬಿಡ್ತೈತಿ?"

ಇಡೀ ಪ್ರಕರಣದಲ್ಲಿ ಯಾರೇ ಕೇಳಿದ್ದರಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇರಲಿಲ್ಲ. ದೋಸೆ ಹಿಟ್ಟಿನಲ್ಲಿ ಜೀವ ಇದೆ, ಹುಳಿ ಬರಿಸುವ ಸೂಕ್ಷ್ಮಜೀವಿಗಳು ಗಾಳಿಯನ್ನು ಹುಟ್ಟಿಸುತ್ತಲೇ ಇರುತ್ತವೆ. ಎಗ್‌ಲೆಸ್ ಕೇಕಿನಲ್ಲಿ ಆ ಕೆಲಸ ಮಾಡುವುದು ಮೊಸರಿನ ಹುಳಿ ಮತ್ತು ಸೋಡಾ. ಎರಡೂ ಸೇರಿದ ಕ್ಷಣವೇ ಗುಳ್ಳೆ ಏಳಲು ಶುರು, ಒಂದು ಸಲ ಎದ್ದು ಹೋದದ್ದು ಮತ್ತೆ ಬರುವುದಿಲ್ಲ. ಬೇಕಿಂಗ್ ಪೌಡರ್ ಆದರೆ ಸ್ವಲ್ಪ ಭಾಗವನ್ನು ಒಲೆಯ ಬಿಸಿ ತಾಗುವ ತನಕ ಉಳಿಸಿಕೊಳ್ಳುತ್ತದೆ, ಸೋಡಾಗೆ ಆ ತಾಳ್ಮೆ ಇಲ್ಲ. ಹನ್ನೆರಡು ಮಾಡುವಾಗ ಕಲಸಿದ ಐದು ನಿಮಿಷದಲ್ಲಿ ಹಿಟ್ಟು ಒಲೆಯೊಳಗೆ ಇರುತ್ತಿತ್ತು. ಈ ಟ್ರಯಲ್‌ನಲ್ಲಿ ನಾಲ್ಕನೆಯ ಸಲದ ಹಿಟ್ಟು ಒಂದೂಕಾಲು ಗಂಟೆಗೂ ಮೇಲೆ ಟಬ್ಬಿನಲ್ಲಿ ಕಾದಿತ್ತು. ಅಕ್ಕನ ಅಳತೆಯಲ್ಲಿ ತಪ್ಪಿರಲಿಲ್ಲ.

ಆ ರಾತ್ರಿ ನಾವು ಗಂಟೆಯ ಲೆಕ್ಕ ಹಾಕಿದೆವು. ಓಟಿಜಿಯಲ್ಲಿ ಒಂದು ಸಲಕ್ಕೆ 24, ಟ್ರೇ ಬದಲಿಸುವುದೂ ಸೇರಿ ಅರ್ಧ ಗಂಟೆ. 1,200ಕ್ಕೆ 25 ಗಂಟೆ, ನಿದ್ದೆ ಇಲ್ಲದೆ, ಕರೆಂಟು ಹೋಗದೆ. ಕರೆಂಟು ಹೋಗದ ಏಪ್ರಿಲ್ಲನ್ನು ನಾನು ಕಂಡಿಲ್ಲ.

ತಂಗಿಯ ಮನೆಯಿಂದ ಇನ್ನೊಂದು ಓಟಿಜಿ ತಂದರು. ಎರಡೂ 2,000 ವ್ಯಾಟಿನವು. ಫ್ರಿಜ್ ಜೊತೆಗೆ ಎರಡನ್ನೂ ಅಡುಗೆಮನೆಯ ಲೈನಿಗೆ ಹಾಕಿದ ಎರಡು ನಿಮಿಷಕ್ಕೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆರುವ ಸ್ವಿಚ್) ಬಿತ್ತು. ಎಲೆಕ್ಟ್ರಿಷಿಯನ್ ಬಂದು ವೈರನ್ನು ಮುಟ್ಟಿ ನೋಡಿ, "ಅಕ್ಕ, ಇಡೀ ಮನಿ ವೈರಿಂಗ್ ಬದಲಿ ಮಾಡ್ಬೇಕು, ಇಲ್ಲಾಂದ್ರ ಒಂದನ್ನ ವಾಪಸ್ ಕಳಿಸ್ರಿ" ಅಂದ. ವಾಪಸ್ ಹೋಯಿತು.

ಕಿಟಕಿಯ ಮೇಲಿನ ತಟ್ಟೆ

ಇನ್ನು ಒಂಬತ್ತು ದಿನ ಇದ್ದಾಗ ಅಕ್ಕ ಮಾಡಿದ ಒಂದು ಕೆಲಸ ನನಗೆ ಇಡೀ ಪ್ರಕರಣದ ತಿರುವು ಅನಿಸುತ್ತದೆ. ಮಧ್ಯಾಹ್ನ ಮೂರಕ್ಕೆ ಒಂದು ಸ್ಟೀಲ್ ತಟ್ಟೆಯಲ್ಲಿ ಮೂರು ಕಪ್‌ಕೇಕ್ ಇಟ್ಟು ಅಡುಗೆಮನೆಯ ಕಿಟಕಿಯ ಮೇಲೆ, ನೆರಳಿನಲ್ಲಿ, ಬಿಟ್ಟರು. ಒಂದರ ಮೇಲೆ ಬಟರ್‌ಕ್ರೀಮ್ ಹೂವು, ಒಂದರ ಮೇಲೆ ಬೇಕರಿಯವರು ಬಳಸುವ ವಿಪ್ಪಿಂಗ್ ಕ್ರೀಮ್, ಒಂದನ್ನು ಕಾಂಪೌಂಡ್ ಚಾಕೊಲೇಟಿನ (ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಹಾಕಿದ್ದು) ಗನಾಶ್‌ನಲ್ಲಿ, ಅಂದರೆ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟಿನಲ್ಲಿ, ತಲೆ ಅದ್ದಿದ್ದು. ಒಳಗಿನ ಥರ್ಮಾಮೀಟರು 38 ತೋರಿಸುತ್ತಿತ್ತು. ಹತ್ತು ಹತ್ತು ನಿಮಿಷಕ್ಕೆ ಒಂದು ಫೋಟೋ.

ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ. ಅದು ಪುಸ್ತಕದ ಮಾತು. ತಟ್ಟೆಯಲ್ಲಿ ಕಂಡದ್ದು ಹೀಗೆ: ಹತ್ತು ನಿಮಿಷಕ್ಕೆ ಹೂವಿನ ಎಸಳಿನ ಅಂಚು ಮಾಯ, ಇಪ್ಪತ್ತಕ್ಕೆ ಇಡೀ ಹೂವು ಒಂದು ಕಡೆ ವಾಲಿತು, ಅರ್ಧ ಗಂಟೆಗೆ ಪೇಪರ್ ಕಪ್ಪಿನ ಮಡಿಕೆಗಳಲ್ಲಿ ಗುಲಾಬಿ ಬಣ್ಣದ ಎಣ್ಣೆ ಇಳಿಯುತ್ತಿತ್ತು. ವಿಪ್ಪಿಂಗ್ ಕ್ರೀಮ್ ಇನ್ನೊಂದಿಷ್ಟು ಹೊತ್ತು ತಡೆಯಿತು, ನಲವತ್ತು ನಿಮಿಷಕ್ಕೆ ಬುಡದಲ್ಲಿ ನೀರು ಬಿಟ್ಟಿತು. ಗನಾಶ್ ಮೆತ್ತಗಾಗಿ ಹೊಳೆಯಿತು, ಅಷ್ಟೇ. ಕೆಳಗೆ ಇಳಿಯಲು ಅದಕ್ಕೆ ಎತ್ತರವೇ ಇರಲಿಲ್ಲ.

ಮರುದಿನ ಅಕ್ಕ ಆ ಫೋಟೋಗಳನ್ನು ತೆಗೆದುಕೊಂಡು ಗಿರಾಕಿಯ ಮನೆಗೆ ಹೋದರು. ಡೆಕೋರೇಶನ್‌ನವರನ್ನು ಬಿಟ್ಟು ನೇರವಾಗಿ ಮನೆಯವರ ಜೊತೆ ಮಾತಾಡಿದ್ದು ಅದೇ ಮೊದಲು. ಹೋಗುವ ಮುಂಚೆ ನನಗೆ ಫೋನ್ ಮಾಡಿ, "ಬೇಡ ಅಂದುಬಿಟ್ರೆ?" ಅಂತ ಕೇಳಿದರು. ಬೇಡ ಅಂದರೆ 5,000 ವಾಪಸ್ ಕೊಟ್ಟು ನೆಮ್ಮದಿಯಾಗಿ ಮಲಗಿ ಅಂದೆ. ಹಾಗೆ ಹೇಳುವುದು ನನಗೆ ಸುಲಭ ಇತ್ತು, ಆಗಲೇ ಬಾಕ್ಸ್ ತರಿಸಿಕೊಂಡವರು ಅವರು.

ಮಗುವಿನ ಅಪ್ಪ ಫೋಟೋ ನೋಡಿ ಐದು ನಿಮಿಷ ಏನೂ ಅನ್ನಲಿಲ್ಲವಂತೆ. ಮಗುವಿನ ಸೋದರತ್ತೆಗೆ ಮಾತ್ರ ಹೂವೇ ಬೇಕು. ಕೊನೆಗೆ ಆದ ಒಪ್ಪಂದ: 1,000 ಕಪ್‌ಕೇಕಿಗೆ ಗನಾಶ್, ಅರ್ಧ ಕಪ್ಪು ಚಾಕೊಲೇಟಿನದು, ಅರ್ಧ ಬಿಳಿ ಕಾಂಪೌಂಡಿಗೆ ಗುಲಾಬಿ ಬಣ್ಣ ಹಾಕಿದ್ದು, ಮೇಲೆ ಫಾಂಡಂಟಿನ (ಕಣಕದಂತೆ ನಾದಿದ ಸಕ್ಕರೆಯ) ಒಂದು ನಕ್ಷತ್ರ. ಉಳಿದ 200ಕ್ಕೆ ಬಟರ್‌ಕ್ರೀಮ್ ಹೂವು, ಅವು ಸ್ಟೇಜಿನ ಮೇಲಿನ ಗೋಪುರಕ್ಕೆ, ಹೂವು ಹಾಕುವುದು ಹಾಲಿಗೆ ಹೋದ ಮೇಲೆ. ಮುಂಗಡ ಅರ್ಧ, ಅಂದರೆ ಇನ್ನೂ 14,200. ದರ ಏರಿಸಲು ಅವರು ಒಪ್ಪಲಿಲ್ಲ. ಎಲ್ಲವನ್ನೂ ಅಲ್ಲೇ ಕೂತು ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸಿ "ಓಕೆ" ಅನ್ನಿಸಿಕೊಂಡರು.

ಎದ್ದು ಬರುವಾಗ ಅಕ್ಕ ಬಾಕ್ಸಿನ ಮಾತು ತೆಗೆದರು. "ಬಾಕ್ಸ್ ಯಾಕ್ರೀ ಮೇಡಂ? ಕೇಟರಿಂಗ್ ಹುಡುಗ್ರು ಟ್ರೇನಾಗ ಹಿಡ್ಕೊಂಡು ಅಡ್ಡಾಡ್ತಾರ" ಅಂದರು ಮನೆಯವರು. 100 ಬಾಕ್ಸ್ ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದವು.

ಬೇಕರಿಯ ಒಲೆ

ಒಲೆಯ ತೊಂದರೆ ಹಾಗೇ ಇತ್ತು. ಅಕ್ಕನ ಓಣಿಯ ತುದಿಯಲ್ಲಿ ಒಂದು ಅಯ್ಯಂಗಾರ್ ಬೇಕರಿ. ಅಲ್ಲಿಗೆ ಹೋಗಿ ಕೇಳಲು ಅವರಿಗೆ ಎರಡು ದಿನ ಹಿಡಿಯಿತು. ಅವರ ಗಿರಾಕಿಗಳನ್ನೇ ನಾನು ಕಸಿದುಕೊಂಡಿದ್ದೇನೆ, ಒಲೆ ಕೊಡುತ್ತಾರಾ ಅನ್ನುವ ಅಳುಕು. ಮಾಲೀಕರು ಕೇಳಿದ್ದು ಒಂದೇ: "ಎಷ್ಟೊತ್ತಿಗೆ ಖಾಲಿ ಮಾಡ್ತೀರಿ?" ರಾತ್ರಿ 9ರಿಂದ 1ರ ತನಕ ಒಲೆ ಸುಮ್ಮನೆ ಇರುತ್ತದೆ, 1ಕ್ಕೆ ಅವರ ಬ್ರೆಡ್ ಶುರು. ಬಾಡಿಗೆ 2,500, ಒಲೆ ನೋಡಿಕೊಳ್ಳುವ ಹುಡುಗನಿಗೆ 500.

ಗ್ಯಾಸಿನ ಮೂರು ಡೆಕ್ಕಿನ ಒಲೆ, ಡೆಕ್ಕಿಗೆ ಎರಡು ದೊಡ್ಡ ಟ್ರೇ. ಒಂದು ಟ್ರೇಯಲ್ಲಿ ತಾನಾಗಿ ನಿಲ್ಲುವ ಗಟ್ಟಿ ಪೇಪರ್ ಕಪ್ 24 ಹಿಡಿಯುತ್ತವೆ. ಒಂದು ಸಲಕ್ಕೆ 144, ಒಂಬತ್ತು ಸಲಕ್ಕೆ 1,296. ಸಲಕ್ಕೆ 25 ನಿಮಿಷದಂತೆ ಮೂರೂಮುಕ್ಕಾಲು ಗಂಟೆ. ಮನೆಯಲ್ಲಿ 25 ಗಂಟೆಯ ಕೆಲಸ.

ಆದರೆ ಬೇಕರಿಯಲ್ಲಿ ಮೊಟ್ಟೆ ಬಳಸುತ್ತಾರೆ. ಗಿರಾಕಿಯದು ಮೊಟ್ಟೆ ಮುಟ್ಟದ ಮನೆ. ಹೇಳದೇ ಇದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕ ಹೇಳಿದರು: ಒಲೆ ಬೇಕರಿಯದು, ಪಾತ್ರೆ, ವಿಸ್ಕ್, ಕಪ್ ಎಲ್ಲ ನನ್ನವು, ಟ್ರೇಗಳನ್ನು ತೊಳೆಸಿ ಹೊಸ ಬಟರ್ ಪೇಪರ್ ಹಾಸುತ್ತೇನೆ, ಆ ಹೊತ್ತಿನಲ್ಲಿ ಬೇರೆ ಏನೂ ಒಲೆಗೆ ಹೋಗುವುದಿಲ್ಲ. ಮಗುವಿನ ಅಜ್ಜಿ ಯೋಚಿಸಿ ಆಗಲಿ ಅಂದರು. ಈ ಫೋನ್ ಮಾಡುವಾಗ ಅಕ್ಕನ ಕೈ ನಡುಗುತ್ತಿತ್ತು, ನಾನು ಪಕ್ಕದಲ್ಲೇ ಇದ್ದೆ.

ಹಿಟ್ಟು ಕಾಯಬಾರದಲ್ಲ, ಅದಕ್ಕೆ ಅತ್ತೆಯ ಪ್ರಶ್ನೆಯಿಂದಲೇ ಉತ್ತರ ಹುಟ್ಟಿತು. ಒಣ ಸಾಮಾನನ್ನು ಮೊದಲೇ ತೂಗಿ 27 ಪ್ಯಾಕೆಟ್ ಕಟ್ಟಿದರು, ಒಂದೊಂದೂ 48 ಕಪ್ಪಿಗೆ: ಮೈದಾ 600 ಗ್ರಾಂ, ಸಕ್ಕರೆ 480, ಸೋಡಾ ಒಂದು ಟೀ ಚಮಚ, ಬೇಕಿಂಗ್ ಪೌಡರ್ ಎರಡೂವರೆ. ಚಾಕೊಲೇಟಿನದಕ್ಕೆ ಮೈದಾದಲ್ಲಿ 100 ಗ್ರಾಂ ತೆಗೆದು ಕೋಕೋ. ಮೊಸರು 480, ಹಾಲು 300, ಎಣ್ಣೆ 270 ಗ್ರಾಂ ಸೇರುವುದು ಒಲೆಯ ಬಾಗಿಲ ಮುಂದೆ, ಹಿಂದಿನ ಟ್ರೇ ಹೊರಬರಲು ಐದು ನಿಮಿಷ ಇರುವಾಗ. ಒಂದು ಸಲಕ್ಕೆ ಮೂರು ಪ್ಯಾಕೆಟ್. ಒಣಗಿರುವ ತನಕ ಸೋಡಾ ಸುಮ್ಮನಿರುತ್ತದೆ.

ಫಂಕ್ಷನ್ನಿನ ಹಿಂದಿನ ರಾತ್ರಿ ಬೇಕರಿಗೆ ನಾನೂ ಹೋಗಿದ್ದೆ. 9.10ಕ್ಕೆ ಮೊದಲ 144 ಒಳಗೆ ಹೋದವು. ಸಂಜೆ ಖಾರಾ ಬಿಸ್ಕತ್ತಿಗೆ ಕಾಯಿಸಿದ್ದ ಒಲೆ. ಮೀಟರು 180ಕ್ಕೆ ಇಳಿದಿತ್ತು, ಕೆಳಗಿನ ಕಲ್ಲು ಇಳಿದಿರಲಿಲ್ಲ. 18 ನಿಮಿಷಕ್ಕೆ ತೆಗೆದಾಗ ಮೇಲೆ ಚೆಂದ, ಮಗುಚಿ ನೋಡಿದರೆ 58ರ ತಳ ಕರಿ. ಅಕ್ಕ ಒಂದು ಮಾತೂ ಆಡದೆ ಆ 58ನ್ನು ಬಕೆಟಿಗೆ ಹಾಕಿ, ಬಾಗಿಲು ತೆರೆದಿಡಲು ಹುಡುಗನಿಗೆ ಹೇಳಿದರು. ಇಪ್ಪತ್ತು ನಿಮಿಷ ಎಲ್ಲರೂ ಸುಮ್ಮನೆ ನಿಂತೆವು. ಹಿಟ್ಟು ಕಲಸಿರಲಿಲ್ಲವಾದ್ದರಿಂದ ನಿಲ್ಲಲು ಸಾಧ್ಯವಾಯಿತು. 9.50ಕ್ಕೆ ಎರಡನೆಯದು, ಆಮೇಲೆ ಎಲ್ಲ ಸರಿಯಾಗಿ ನಡೆದು 1.10ಕ್ಕೆ ಕೊನೆಯ ಟ್ರೇ. ಬ್ರೆಡ್ಡಿನ ಹಿಟ್ಟು ಹತ್ತು ನಿಮಿಷ ಕಾದಿತು, ಅದಕ್ಕೆ ಕಾದರೆ ನಷ್ಟವಿಲ್ಲ.

ಜೀನ್ಸ್ ಯೂನಿಟ್ಟಿನ ಕೈಗಳು

ಕೇಕು ಪೂರ್ತಿ ಆರಿದ ಮೇಲೆ ಬೇಕರಿಯ ಬ್ರೆಡ್ ಕ್ರೇಟುಗಳಲ್ಲಿ, ಮೇಲೆ ಒಗೆದ ಪಂಚೆ ಹೊದಿಸಿ, ಮನೆಗೆ ತಂದರು. ಬಿಸಿ ಇರುವಾಗಲೇ ಮುಚ್ಚಿದರೆ ಆವಿ ಹಿಡಿದು ಪೇಪರ್ ಬಿಟ್ಟುಕೊಳ್ಳುತ್ತದೆ. (ಕ್ರೇಟ್ ಸಾಲದೆ ಹೋದರೆ ಮೊಟ್ಟೆ ಟ್ರೇಯಲ್ಲಿ ಇಡಿ ಅಂತ ಒಬ್ಬರು ಸಲಹೆ ಕೊಟ್ಟರು. ಎಗ್‌ಲೆಸ್ ಕೇಕನ್ನು!) ಎಸಿ ಇರುವ ಮಲಗುವ ಕೋಣೆಯ ಮಂಚ ಎತ್ತಿ ನಿಲ್ಲಿಸಿ ಅಲ್ಲಿ ಕ್ರೇಟ್ ಜೋಡಿಸಿದರು. ಮನೆಮಂದಿ ಮಾಳಿಗೆಯ ಮೇಲೆ ಮಲಗಿದರು, ಬೇಸಿಗೆಯಲ್ಲಿ ಹೇಗೂ ಅಲ್ಲೇ ಮಲಗುವುದು.

ಬೆಳಿಗ್ಗೆಯೇ ಗನಾಶ್ ಮುಗಿಸಿಬಿಡಿ ಅಂತ ಎಲ್ಲರ ಒತ್ತಾಯ. ಅಕ್ಕ ಕೇಳಲಿಲ್ಲ. ಗನಾಶ್‌ನಲ್ಲಿ ಹಾಲಿನ ಕ್ರೀಮ್ ಇದೆ, ಸಂಜೆ ತಿನ್ನುವುದನ್ನು ಬೆಳಿಗ್ಗೆಯಿಂದ ಈ ಸೆಕೆಯಲ್ಲಿ ಇಡಲಾರೆ, ಮಧ್ಯಾಹ್ನ ಒಂದಕ್ಕೆ ಶುರು ಅಂದರು.

ಸಹಾಯಕ್ಕೆ ಓಣಿಯ ಇಬ್ಬರು ಹೆಂಗಸರು, ದಿನಕ್ಕೆ 600ರಂತೆ ಎರಡು ದಿನ. ಇಬ್ಬರೂ ಜೀನ್ಸ್ ಹೊಲಿಯುವ ಯೂನಿಟ್ಟುಗಳಲ್ಲಿ ದಾರ ಕತ್ತರಿಸುವ ಕೆಲಸ ಮಾಡಿದವರು. ಮೊದಲ ಅರ್ಧ ಗಂಟೆ ಮೂವರೂ ಒಂದೊಂದು ಕೇಕ್ ಹಿಡಿದು ಅದ್ದಿ, ತೊಟ್ಟು ಬೀಳಿಸಿ, ನಕ್ಷತ್ರ ಇಟ್ಟು, ಕ್ರೇಟಿಗೆ ಹಾಕಿದರು. 70 ಆದವು. ಆಗ ಅವರಲ್ಲಿ ಹಿರಿಯಾಕೆ, "ಹಿಂಗಾದ್ರ ನಾಳಿಗೂ ಮುಗಿಯಂಗಿಲ್ಲ. ನೀನು ಬರೀ ಅದ್ದು, ನಾ ನಕ್ಷತ್ರ ಇಡ್ತೀನಿ, ಆಕಿ ಕ್ರೇಟು ನೋಡ್ಲಿ" ಅಂದರು. ಮುಂದಿನ ಅರ್ಧ ಗಂಟೆಯಲ್ಲಿ 180. ಅವರ ಯೂನಿಟ್ಟಿನಲ್ಲಿ ಒಂದು ಪ್ಯಾಂಟನ್ನು ಒಬ್ಬರೇ ಪೂರ್ತಿ ಹೊಲಿಯುವುದಿಲ್ಲ, ಒಬ್ಬರಿಗೆ ಜೇಬು, ಒಬ್ಬರಿಗೆ ಪಟ್ಟಿ. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ನಕ್ಷತ್ರಗಳನ್ನು ನಾಲ್ಕು ದಿನ ಮೊದಲೇ ಕತ್ತರಿಸಿ ಒಣಗಿಸಿದ್ದರು. ಇಲ್ಲಿಯ ಒಣ ಸೆಕೆ ಫಾಂಡಂಟಿಗೆ ಒಳ್ಳೆಯದೇ, ಫ್ರಿಜ್ಜಿನಲ್ಲಿಟ್ಟು ತೆಗೆದರೆ ಬೆವರುತ್ತದೆ.

3.15ಕ್ಕೆ ಕರೆಂಟು ಹೋಯಿತು. 50 ನಿಮಿಷ. ಕೋಣೆ 22ರಿಂದ 29ಕ್ಕೆ ಏರಿತು, ಗನಾಶ್ ಹಿಡಿದುಕೊಳ್ಳದೆ ನಕ್ಷತ್ರ ಜಾರತೊಡಗಿದವು. ಬಾಗಿಲು ತೆರೆಯಬೇಡಿ ಅಂತ ಅಕ್ಕ ಕೂಗಿದ್ದು ಹೊರಗೆ ನನಗೆ ಕೇಳಿಸಿತು. ನಕ್ಷತ್ರ ಇಡುವಾಕೆ ಎರಡು ನಿಮಿಷ ಬಿಟ್ಟು ಇಡಲು ಶುರು ಮಾಡಿದರು, ಅಷ್ಟರಿಂದಲೇ ಸರಿಹೋಯಿತು.

ಗೋಪುರ

5.45ಕ್ಕೆ ಮುಚ್ಚಿದ ಟೆಂಪೋ ಹೊರಟಿತು. ರೈಲ್ವೆ ಗೇಟಿನಲ್ಲಿ 20 ನಿಮಿಷ ಹೋಯಿತು, ಆ ಲೆಕ್ಕವನ್ನು ಮೊದಲೇ ಹಿಡಿದಿದ್ದರು. 6.40ಕ್ಕೆ ಹಾಲಿನ ಹಿಂದಿನ ಕೋಣೆಯಲ್ಲಿ ಕೂತು, ಥರ್ಮಾಕೋಲ್ ಪೆಟ್ಟಿಗೆಯ ಐಸಿನಿಂದ ಒಂದೊಂದೇ ಕ್ರೀಮ್ ಬ್ಯಾಗ್ ತೆಗೆದು 200 ಹೂವು ಹಾಕಿದರು. 7.25ಕ್ಕೆ ಗೋಪುರ ನಿಂತಿತು. ಆ ಗಳಿಗೆಯಲ್ಲಿ ಅದು ನಿಜಕ್ಕೂ ಫೋಟೋದ ಹಾಗೇ ಇತ್ತು.

ಕೇಕ್ ಕತ್ತರಿಸುವುದು 7.30ಕ್ಕೆ ಅಂದಿದ್ದರು. ಬರಬೇಕಾದ ಹಿರಿಯರೊಬ್ಬರು ಬಂದಿರಲಿಲ್ಲ. 8.20 ಆಯಿತು. ತೆರೆದ ಲಾನ್, ಸ್ಟೇಜಿನ ಫೋಕಸ್ ದೀಪಗಳ ಕಾವು ಬೇರೆ. ದೀಪದ ಕಡೆಯ ಮೂವತ್ತು ಹೂವುಗಳು ಅಕ್ಕನ ಕಣ್ಣೆದುರೇ ಕುಸಿದವು. ಗೋಪುರವನ್ನೇ ತಿರುಗಿಸಿ ಚೆನ್ನಾಗಿರುವ ಕಡೆಯನ್ನು ಜನರತ್ತ ಮಾಡಿದರು.

ಗನಾಶ್‌ನವು ಸರಾಗವಾಗಿ ಹಂಚಿಹೋದವು. ಜನ 900ರ ಆಸುಪಾಸು ಬಂದಿದ್ದರು, ಮಕ್ಕಳು ಎರಡೆರಡು ತಿಂದರೂ 190 ಉಳಿದವು. ಸೋದರತ್ತೆ ಬಂದು "ಫೋಟೋದಾಗ ಇದ್ದಂಗಿಲ್ಲ" ಅಂದಾಗ ಮಗುವಿನ ಅಪ್ಪನೇ ವಾಟ್ಸ್‌ಆ್ಯಪ್ ತೆರೆದು ತೋರಿಸಿದರಂತೆ. ಆ ರಾತ್ರಿ 15,000 ಕೊಟ್ಟರು. ಉಳಿದ 4,200 ಬರಲು ಹನ್ನೊಂದು ದಿನ, ಎರಡು ಫೋನು.

ಲೆಕ್ಕ

ಸಾಮಾನು 13,900. ಕಪ್ 1,700. ಟ್ರಯಲ್‌ಗಳಿಗೆ 1,600. ಒಲೆ ಮತ್ತು ಹುಡುಗ 3,000. ಕೂಲಿ 2,400. ಫಾಂಡಂಟ್ 1,100. ಟೆಂಪೋ 900. ಐಸು, ಪೆಟ್ಟಿಗೆ 450. ಬಾಕ್ಸ್ 1,400. ಒಟ್ಟು 26,450. ಕೈಯಲ್ಲಿ ಉಳಿದದ್ದು 11,950, ಕ್ಯಾಲೆಂಡರಿನ 22,800ರ ಅರ್ಧದ ಹತ್ತಿರ. ಅಕ್ಕ ಹಾಕಿದ ಹೊತ್ತು 85 ಗಂಟೆ, ಅಂದರೆ ಗಂಟೆಗೆ 140 ರೂಪಾಯಿ. ಆ ದಿನಗಳಲ್ಲಿ ಬೇಡ ಅಂದ ಏಳು ಮಾಮೂಲಿ ಆರ್ಡರುಗಳನ್ನು ಇದರಲ್ಲಿ ಸೇರಿಸಿಲ್ಲ. ಅವುಗಳಲ್ಲಿ ಎರಡು ಮನೆಯವರು ಮತ್ತೆ ಬಂದಿಲ್ಲ.

ನನ್ನ ತೀರ್ಮಾನ ಹೇಳಬೇಕೆಂದರೆ, 13 ರೂಪಾಯಿಯ ಅಂದಾಜಿನಲ್ಲಿ ತಪ್ಪಿರಲಿಲ್ಲ. ಸಾಮಾನು ಮತ್ತು ಕಪ್ ಸೇರಿ ಸರಿಯಾಗಿ ಅಷ್ಟೇ ಬಿದ್ದದ್ದು. ಉಳಿದ ದುಡ್ಡೆಲ್ಲ ಬಹುಪಾಲು ಹೋದದ್ದು ಏನಾದರೊಂದು ಸುಮ್ಮನೆ ಕಾದು ಕೂರದಂತೆ ನೋಡಿಕೊಳ್ಳಲು, ಇಲ್ಲವೇ ಕಾದು ಕೂತರೂ ಕೆಡದಂತೆ ಇಡಲು: ದೊಡ್ಡ ಒಲೆ, ಹೆಚ್ಚಿನ ಕೈಗಳು, ಐಸು, ಟೆಂಪೋ. ಆರು ಕಪ್‌ಕೇಕಿನ ಬಾಕ್ಸಿನಲ್ಲಿ ಈ ಖರ್ಚು ಕಣ್ಣಿಗೆ ಬೀಳುವುದಿಲ್ಲ, ಮಾಡಿದ್ದು ಅರ್ಧ ಗಂಟೆಯಲ್ಲಿ ಗಿರಾಕಿಯ ಫ್ರಿಜ್ಜಿನಲ್ಲಿ ಇರುತ್ತದೆ. ಈಗ 100ರ ಮೇಲಿನ ಆರ್ಡರಿಗೆ ಅಕ್ಕನ ದರ 42. ಮುಂಗಡ ಅರ್ಧ, ಇನ್ನರ್ಧ ಸಾಮಾನು ಇಳಿಸುವ ಮೊದಲು. ಮಾರ್ಚಿನಿಂದ ಜೂನ್ ಮೊದಲ ಮಳೆಯ ತನಕ ಬಟರ್‌ಕ್ರೀಮ್ ಹೂವು ಇಲ್ಲವೇ ಇಲ್ಲ. ಬೇಕರಿಯವರ ಜೊತೆ ಮಾತಾಡಿಟ್ಟಿದ್ದಾರೆ. ಸಣ್ಣ ಐಸಿಂಗ್ ಕೆಲಸ ಬಂದರೆ ಅವರೂ ಅಕ್ಕನ ಕಡೆ ಕಳಿಸುತ್ತಾರೆ.

ಜೂನಿನಲ್ಲಿ ಒಂದು ಶಾಲೆಯವರು ಫೋನ್ ಮಾಡಿದಾಗ ನಾನು ಅಲ್ಲೇ ಇದ್ದೆ. ಅಕ್ಕ ಮೊದಲು ಕೇಳಿದ್ದು, "ಎಷ್ಟು ಗಂಟೆಗೆ ತಿಂತಾರ್ರೀ ಹುಡುಗ್ರು?" ಆಮೇಲೆ, "ಒಳಗ ಕುಂತೋ, ಗ್ರೌಂಡಿನಾಗೋ?" ಆಮೇಲೆ ನನ್ನ ಕಡೆ ನೋಡಿ ನಕ್ಕು, "ಬಾಕ್ಸ್ ಬೇಕೇನ್ರೀ?" ಎಷ್ಟು ಬೇಕು ಅನ್ನುವುದನ್ನು ಅವರೇ ಹೇಳಬೇಕಾಯಿತು. 400, ಬಾಕ್ಸ್ ಬೇಡ.

ಆ 100ರಲ್ಲಿ 62 ಬಾಕ್ಸ್ ಇನ್ನೂ ಮಂಚದ ಕೆಳಗೆ ಇವೆ.